ಪರದೆಗೆ ಬಾಯಿಯಾದವಳು

ಇಪ್ಪತ್ತೆರಡು ವರ್ಷ ಸಮ್ರುವೈ ಊರೂರು ಅಲೆದು ಪರದೆಗೆ ಬಾಯಿಯಾಗಿದ್ದಳು. ಪರದೇಶದ ಸಿನಿಮಾದ ಮಾತು ಯಾರಿಗೂ ತಿಳಿಯದು. ಪ್ರೊಜೆಕ್ಟರ್ ಪಕ್ಕ ಮೈಕ್ ಹಿಡಿದು ಕೂತ ಅವಳೇ ನಾಯಕ, ಅವಳೇ ಖಳ, ತೊಟ್ಟಿಲ ಕೂಸೂ ಅವಳೇ. ಒಮ್ಮೆ ಖಳನ ಬಾಯಲ್ಲಿ ಎರಡು ಒಳ್ಳೆಯ ಮಾತು ಆಡಿಸಿ, ಊರಿಗೂರೇ ಅವನಿಗಾಗಿ ಅಳುವಂತೆ ಮಾಡಿದ್ದಳು. ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಚಿತ್ರ ಅಂದ್ರೆ ಬರೀ ಬೆಳಕು ಸ್ವಾಮಿ, ನಾ ಹೇಳಿದ್ದೇ ನಿಜ" ಎಂದು ವಿಹಾರದ ಹಿರಿಯ ಭಿಕ್ಷುವಿನೊಂದಿಗೇ ವಾದಕ್ಕಿಳಿದಳು.

"ಬೆಳಕೂ ನಿಂದಲ್ಲ, ಕಥೇನೂ ನಿಂದಲ್ಲ. ಬಾಯೊಂದು ನಿಂದು. ಜೋಪಾನ ತಾಯಿ" ಎಂದರು ಅವರು. ಸಮ್ರುವೈ ನಕ್ಕುಬಿಟ್ಟಳು.

ಆ ಏಪ್ರಿಲ್‌ನಲ್ಲಿ ನಗು ಬರಲಿಲ್ಲ. ಮಗ ವಿಚಿಯನ್‌ಗೆ ಇಪ್ಪತ್ತೊಂದು ತುಂಬಿತ್ತು. ಮರುದಿನ, ಸೈನ್ಯಕ್ಕೆ ಯಾರು ಹೋಗಬೇಕೆಂದು ತೀರ್ಮಾನಿಸುವ ಚೀಟಿ ಎತ್ತಬೇಕು. ಕಪ್ಪು ಬಂದರೆ ಮನೆ, ಕೆಂಪು ಬಂದರೆ ಗಡಿಯ ಕಾಡು. ಹೋದ ವರ್ಷ ಆ ಕಾಡಿಗೆ ಹೋದ ಮೂವರಲ್ಲಿ ಒಬ್ಬನೂ ಮರಳಿರಲಿಲ್ಲ.

ಅಂದು ಸಂಜೆಯೇ ಕೆಲಸ ಬಂತು. ಅಕ್ಕಿ ಗಿರಣಿಯ ಕಿಮ್ಲಾನ್, ಹೋದ ವರ್ಷ ತನ್ನ ಮಗನಿಗೆ ಕಪ್ಪು ಚೀಟಿ ಬಂದುದಕ್ಕೆ ಹರಕೆ ತೀರಿಸಲು ಊರದೇವರ ಗುಡಿಯೆದುರು ಸಿನಿಮಾ ಆಡಿಸುತ್ತಿದ್ದಳು. ನೋಡುವವನು ದೇವರೊಬ್ಬನೇ. ಅವನಿಗೆಂದು ಹಂದಿತಲೆ, ಶರಬತ್ತು, ಒಂದು ಸಾಲು ಖಾಲಿ ಕುರ್ಚಿ.

ಕಥೆಯಲ್ಲಿ ತಾಯಿಯೊಬ್ಬಳು ಸೇನಾಪತಿಯ ಕಾಲು ಹಿಡಿದು ಮಗನ ಜೀವ ಬೇಡುತ್ತಾಳೆ, ಅವನು ಒಪ್ಪುವುದಿಲ್ಲ. ಸಮ್ರುವೈ ಸೇನಾಪತಿಯ ಗಡಸು ದನಿ ತೆಗೆದು, "ವಿಚಿಯನ್‌ನ ಮನೆಗೆ ಕಳಿಸಿಬಿಡಿ" ಎಂದಳು.

ಯಂತ್ರ ನಡೆಸುತ್ತಿದ್ದ ಉದೋಮ್ ಬೆಚ್ಚಿದ. "ಏನಕ್ಕಾ ಇದು? ಕಂಡೋರ ಹರಕೇಲಿ ನಿನ್ನ ಬೇಡಿಕೆ ತುರುಕ್ತೀಯಾ? ಸಿನಿಮಾದಾಗೆ ಆ ಹುಡುಗ ಈಗ ಸಾಯ್ತಾನೆ!"

"ಸುಮ್ನಿರೋ. ಕಿವಿಗೆ ಬಿದ್ದಿದ್ದೇ ಕಥೆ."

"ದೇವ್ರಿಗೆ ಕಣ್ಣೂ ಅವೆ ಕಣಕ್ಕಾ."

ಪರದೆಯಲ್ಲಿ ಗುಂಡು ಹಾರಿತು. ಅವಳು ಅದನ್ನು ಪಟಾಕಿ ಎಂದಳು. ಉರುಳಿಬಿದ್ದ ಹುಡುಗನನ್ನು ದಣಿದು ಮಲಗಿದ ಎಂದಳು. ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು: ಸಾಯುವವನಿಗೆ ಮಗನ ಹೆಸರಿಟ್ಟವಳು ತಾನೇ. ಖಾಲಿ ಕುರ್ಚಿಗಳ ಕಡೆ ತಿರುಗುವ ಧೈರ್ಯ ಅವಳಿಗಾಗಲಿಲ್ಲ.

ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ವಿಚಿಯನ್ ಮಡಕೆಗೆ ಕೈಹಾಕಿ ಚೀಟಿ ತೆಗೆದು, ಬಿಚ್ಚದೆ ಅಧಿಕಾರಿಯ ಕೈಗಿತ್ತ. ಅಧಿಕಾರಿ ಬಾಯಿ ತೆರೆಯುವ ಮೊದಲೇ ಗುಂಪಿನ ನಡುವಿನಿಂದ ಸೇನಾಪತಿಯ ಗಡಸು ದನಿ ಕೇಳಿಸಿತು: "ಕಪ್ಪು!"

ಒಂದು ಗಳಿಗೆ ಮೈದಾನವೆಲ್ಲ ನಂಬಿತು. ಯಾರೋ ಚಪ್ಪಾಳೆ ತಟ್ಟಿದರು. ವಿಚಿಯನ್ ಕೂಡ ನಂಬಿ, ಅಮ್ಮನತ್ತ ತಿರುಗಿ ನಕ್ಕ. ಅವನ ಬೆನ್ನ ಹಿಂದೆ ಅಧಿಕಾರಿ ಚೀಟಿ ಬಿಚ್ಚಿ ಮೇಲೆತ್ತಿ ಹಿಡಿದ. ಅದು ಕೆಂಪಗಿತ್ತು.