ಅಕ್ಕನ ಹಿತ್ತಿಲಿನ ಹಸಿರು ರಾಡಿ

ಹೋದ ತಿಂಗಳು ನಮ್ಮ ಅಕ್ಕ ಹೊರಟು ನಿಂತ ಎತ್ತಿನ ಗಾಡಿಗೆ ಅಡ್ಡ ನಿಂತುಬಿಟ್ಟಳು. ತಡೆದದ್ದು ಯಾರನ್ನು? ತನ್ನ ಗಂಡನನ್ನೇ.

ಭಾವನದು ಖಾಸಬಾಗದಲ್ಲಿ ತಾಮ್ರದ ಪಾತ್ರೆಗಳ ಕಾರಖಾನೆ. ಬಡಿದು ಕಪ್ಪಾದ ಹಂಡೆ, ಕೊಡಗಳನ್ನು ತೇಜಾಬಿನ ನೀರಿನಲ್ಲಿ ಅದ್ದಿದರೆ ಫಳಫಳ ಹೊಳೆಯುತ್ತವೆ. (ತೇಜಾಬು ಎಂದರೆ ಇಂಗ್ಲಿಷ್ ಕಲಿತವರ ಆ್ಯಸಿಡ್.) ಪಾತ್ರೆ ಪೇಟೆಗೆ ಹೋಗುತ್ತದೆ. ಅದ್ದಿದ ನೀರು? ಹಿತ್ತಿಲಿನ ಗುಂಡಿಗೆ. ವರ್ಷಗಟ್ಟಲೆ ಅಲ್ಲಿಯೇ ಇಂಗಿ ಹಸಿರು ರಾಡಿಯಾಗಿ ಕೂತಿತ್ತು.

ಈ ಸಲ ಗುಂಡಿ ತುಂಬಿತು. ಮಳೆ ಬಿದ್ದರೆ ಪಕ್ಕದವರ ಬಾವಿಗೆ ಹರಿಯುವುದು ಖಾತ್ರಿ. ಭಾವ ರಾಡಿಯನ್ನು ಪೀಪಾಯಿಗೆ ತುಂಬಿಸಿದರು. ಹೇಗೂ ಖಾನಾಪುರದ ಸಂತೆಗೆ ಪಾತ್ರೆ ಒಯ್ಯಬೇಕು; ಇದನ್ನೂ ಒಯ್ದು ಹೊಳೆಗೆ ಸುರಿದರಾಯಿತು ಎಂಬ ಲೆಕ್ಕಾಚಾರ.

“ಹರಿಯೂ ನೀರು. ಅದಕ್ಕೇನ್ ಆಗತೈತಿ?” ಎಂದರು ಭಾವ.

“ಅದೇ ಹೊಳಿ ನೀರು ಖಾನಾಪುರದಾಗ ನಮ್ಮ ಚಿಗವ್ವ ಕುಡೀತಾಳ. ಅಕಿ ಬಾಯಾಗ ಹಾಕಾಕ ಹೊಂಟೀರೇನ್ರಿ?” ಎಂದಳು ಅಕ್ಕ.

ಗಾಡಿಯಿಂದ ಪೀಪಾಯಿಗಳು ಕೆಳಗಿಳಿದವು. ಮನೆಯಲ್ಲಿ ಮಾತೂ ನಿಂತಿತು. ಆಳುಗಳೆದುರು ಹೆಂಡತಿಯ ಮಾತಿಗೆ ಸೋತೆನಲ್ಲ ಎಂಬ ಸಿಟ್ಟು ಅವರಿಗೆ. ಮೋಡ ಕಂಡರೆ ಗುಂಡಿಯಲ್ಲಿ ಉಳಿದ ರಾಡಿಯ ಹೆದರಿಕೆ ಇವಳಿಗೆ. ಊಟಕ್ಕೆ ಹೋದ ನಾನು ಇಬ್ಬರ ನಡುವೆ ಪೋಸ್ಟ್‌ಮನ್. (“ತಮ್ಮಾ, ಅನ್ನ ಬೇಕೇನ್ ಕೇಳು ಅವರಿಗೆ.”)

ತಡೆಯಲಾರದೆ ಟಿಳಕವಾಡಿಗೆ ಹೋಗಿ ನನ್ನ ಗೆಳೆಯ ಕುಲಕರ್ಣಿ ಮಾಸ್ತರರನ್ನು ಕರೆತಂದೆ. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸುವವರು. ರಾಡಿಯನ್ನು ಕೋಲಿನಿಂದ ಕೆದಕಿ ನೋಡಿದರು.

“ಇದರಾಗ ನಿಮ್ಮ ತಾಮ್ರನ ಅದರೀ.”

“ಇದ್ದರ ತಗದು ತೋರಸ್ರಿ, ಮಾಸ್ತರ್ರ,” ಎಂದು ಭಾವ ನಕ್ಕರು.

ಮಾಸ್ತರರು ಪಿಂಗಾಣಿ ಭರಣಿಗಳಲ್ಲಿ ರಾಡಿ ಹಾಕಿ, ನೀರು ಬೆರೆಸಿದ ತೇಜಾಬು ಹೊಯ್ದರು. ಹಸಿರು ಕರಗಿತು. ಕಸ ತಳಕ್ಕೆ ಕೂತು ಮೇಲೆ ನೀಲಿ ನೀರು ತಿಳಿಯಾಯಿತು. ಅದನ್ನು ಬೇರೆ ಬಸಿದು, ದಂಡಿನ ಕ್ಯಾಂಪಿನಿಂದ ತರಿಸಿದ ಕುದುರೆಯ ಹಳೆಯ ಕಬ್ಬಿಣದ ಲಾಳಗಳನ್ನು ಮುಳುಗಿಸಿಟ್ಟರು. ಮರುದಿನ ಎತ್ತಿದರೆ ಲಾಳದ ಮೈಮೇಲೆಲ್ಲ ಕೆಂಪು ಪುಡಿ. ನೀಲಿ ಹೋಗಿತ್ತು.

ಭಾವ ಪುಡಿಯನ್ನು ಕೆರೆದು, ತೊಳೆದು, ಮೂಸೆಯಲ್ಲಿಟ್ಟು ಕರಗಿಸಿದರು. ತಣಿದ ಗಟ್ಟಿಯ ಮೇಲೆ ಸುತ್ತಿಗೆಯ ಒಂದು ಪೆಟ್ಟು ಹಾಕಿ ಕಿವಿಗೊಟ್ಟರು. ಆಮೇಲೆ ನನ್ನನ್ನು ದಾಟಿ ಅಡುಗೆಮನೆಯ ಕಡೆಗೆ ತಿರುಗಿದರು.

“ಇಲ್ಲಿ ಬಾ, ನೋಡು. ಖರೇ ತಾಮ್ರ ಐತಿ.”

ಅಕ್ಕ ಬಂದಳು. ಮುಖ ಅರಳಿತ್ತು. ಆದರೆ ಅವಳ ಕಣ್ಣು ಹೋದದ್ದು ಭರಣಿಯ ಕಡೆಗೆ.

“ಈ ಉಳದ ನೀರು ಎಲ್ಲಿ ಚೆಲ್ಲೂದ್ರಿ, ಮಾಸ್ತರ್ರ?”

ಎಂಥ ಪ್ರಶ್ನೆ! ತಾಮ್ರ ಸಿಕ್ಕ ಸಂಭ್ರಮದಲ್ಲಿ ನಮಗಾರಿಗೂ ಅದು ಹೊಳೆದಿರಲಿಲ್ಲ. (ಮಾಸ್ತರರಿಗೆ ಹೊಳೆದಿತ್ತಂತೆ. ಇರಲಿ, ನಂಬೋಣ.)

“ಸುಣ್ಣ ಹಾಕಬೇಕ್ರಿ. ತೇಜಾಬಿನ ಸೊಕ್ಕು ಅದಕ್ಕ ಇಳೀತದ,” ಎಂದರು.

ಗೋಡೆಗೆಂದು ತಂದಿಟ್ಟ ಸುಣ್ಣವನ್ನು ಅಕ್ಕನೇ ಕಲಸಿ ಹಾಕಿದಳು. ತುಕ್ಕಿನ ಬಣ್ಣದ ಗಸಿ ತಳ ಸೇರಿತು. ಮಾಸ್ತರರು ತೇಜಾಬು ಉಳಿದಿದ್ದರೆ ಕೆಂಪಾಗುವ ನೀಲಿ ಕಾಗದ ಅದ್ದಿದರು; ಕೆಂಪಾಗಲಿಲ್ಲ. ಆ ತಿಳಿ ನೀರನ್ನು ಧೈರ್ಯವಾಗಿ ಮೋರಿಗೆ ಬಿಟ್ಟೆವು. ಉಳಿದ ರಾಡಿಗೂ ಇದೇ ಉಪಚಾರ ನಡೆಯಿತು. ಗಸಿಯೆಲ್ಲ ಈಗ ಗಚ್ಚು ಹಾಕಿಸಿದ ಗುಂಡಿಯಲ್ಲಿ, ಬಂಡೆಯ ಮುಚ್ಚಳದ ಕೆಳಗಿದೆ. ಮಳೆ ಶುರುವಾಗಿದೆ. ಪಕ್ಕದವರ ಬಾವಿ ತಿಳಿಯಾಗಿದೆ.

ಮೊನ್ನೆ ಮನೆಯ ಮುಂದಿನ ಭಾವನ ಅಂಗಡಿಗೆ ಹೋಗಿದ್ದೆ. ಭಾವ ಗಿರಾಕಿಯೊಬ್ಬರಿಗೆ ಹೇಳುತ್ತಿದ್ದರು: “ನಾನೂ ನಮ್ಮ ಮನ್ಯಾಕಿನೂ ಕೂಡಿ ರಾಡಿಯಾಗಿಂದ ತಾಮ್ರ ತಗದ್ವಿ ನೋಡ್ರಿ.” ಒಳಗಿದ್ದ ಅಕ್ಕ ಕೇಳಿಸಿಕೊಂಡಳು. ಆ ದಿನ ನನಗೂ ಹೋಳಿಗೆ ಸಿಕ್ಕಿತು.

ಓದುಗ ಗಂಡಸರೇ, ಹೀಗೆ ಹೆಂಡತಿಯನ್ನು ಕೂಡಿಸಿಕೊಂಡು ಹೇಳಲು ನಮಗೆಲ್ಲ ತಾಮ್ರ ಸಿಗುವವರೆಗೂ ಕಾಯಬೇಕೇ?