ಅಂತರಸಂತೆ ಗಾಡಿಗೆ ಕೂರಿಸಿದ ಇಂಜಿನ್ನು

ಮೌಂಟಿಂಗಿನ ಬೋಲ್ಟು ಸಡಿಲಾಗಬಹುದಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟಿಗೆ ಆಯಿಲ್ ಬೆರೆಯಬಹುದಿತ್ತು. ಹೋಸಿನ ಕ್ಲಿಪ್ಪು ಜಾರಬಹುದಿತ್ತು, ಟೈಮಿಂಗ್ ಬೆಲ್ಟು ಹರಿಯಬಹುದಿತ್ತು, ಇಂಜಿನ್ ಕೊಟ್ಟ ಗುಜರಿಯವನು ‘ಕಡಿಮೆ ಓಡಿರೋದು ಸಾರ್’ ಎಂದದ್ದು ಸುಳ್ಳಿರಬಹುದಿತ್ತು. ಇದ್ಯಾವುದೂ ಅಲ್ಲದಿದ್ದರೆ ನಾನೇ ಒಂದು ಸ್ಪ್ಯಾನರ್ ಒಳಗೆ ಬಿಟ್ಟಿರಬಹುದಿತ್ತು. ಎಚ್.ಡಿ. ಕೋಟೆಯಲ್ಲಿ ಗ್ಯಾರೇಜು ಇಟ್ಟು ಇಪ್ಪತ್ತು ವರ್ಷವಾದರೂ, ಇಂಜಿನ್ ಬದಲಾಯಿಸಿದ ಗಾಡಿ ಗೇಟು ದಾಟಿದ ಕೂಡಲೇ ನನ್ನ ತಲೆಯಲ್ಲಿ ಈ ಮೆರವಣಿಗೆ ಹೊರಡುತ್ತದೆ. ಗಾಡಿಗೆ ಬರುವ ಕಾಯಿಲೆಗಳೆಲ್ಲ ಮೊದಲು ನನಗೆ ಬರುತ್ತವೆ ಎನ್ನುವುದು ನನ್ನ ಹೆಂಡತಿಯ ಮಾತು.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಅಂತರಸಂತೆಯ ಮಾದೇವನ ಏಳು ಸೀಟಿನ ಡೀಸೆಲ್ ಕಾರಿಗೆ ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸಿದೆ. ಬಾಡಿಗೆ ಓಡಿಸುವ ಮಾದೇವನಿಗೆ ಖಾಯಂ ಗಿರಾಕಿ ಒಬ್ಬರಿದ್ದರು, ಅದೇ ಊರಿನ ನಿವೃತ್ತ ಮೇಷ್ಟ್ರು. ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮೈಸೂರಿಗೆ ಹೋಗಬೇಕಿತ್ತು. ಬೆಳಗಿನ ಸರದಿ ತಪ್ಪಿದರೆ ಆ ದಿನ ಮತ್ತೆ ಸಿಗುವ ಖಾತ್ರಿಯಿಲ್ಲ. ಹಾಗಾಗಿ ನನಗೆ ಇಂಜಿನ್ನಿಗಿಂತ ಮೇಷ್ಟ್ರದೇ ಚಿಂತೆ.

ಹಳೇ ಇಂಜಿನ್ ಕೂರಿಸುವುದು ಅರ್ಧ ಕೆಲಸ. ಆಮೇಲಿನ ಆರೈಕೆ ಇನ್ನರ್ಧ. ಗಾಡಿ ಒಯ್ಯಲು ಮಾದೇವನ ಜೊತೆ ಅವನ ತಾಯಿ ಚಿಕ್ಕತಾಯಮ್ಮನೂ ಬಂದಿದ್ದರು. ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದೆ: ತಣ್ಣಗಿದ್ದಾಗ ಓಡಿಸಬೇಡಿ, ಸ್ಟಾರ್ಟ್ ಮಾಡಿ ಒಂಚೂರು ಬೆಚ್ಚಗಾಗಲು ಬಿಡಿ. ಮೊದಮೊದಲು ಭಾರ ಹೊರಿಸಬೇಡಿ. ಐನೂರು ಕಿಲೋಮೀಟರಿಗೆ ಆಯಿಲ್ಲು, ಫಿಲ್ಟರು ಬದಲಾಯಿಸಬೇಕು, ಒಳಗಿನ ಹಳೇ ಕೊಳೆಯೆಲ್ಲ ಆಗ ಕಳಚಿಕೊಂಡು ಬರುತ್ತದೆ. ಇಂಜಿನ್ ಕಾಯದಂತೆ ಕಾಪಾಡುವ ಕೂಲೆಂಟನ್ನು ದಿನಾ ನೋಡಿ. ಮಾದೇವ ಮೊಬೈಲ್ ತಿಕ್ಕುತ್ತ ಆಯ್ತಣ್ಣ ಆಯ್ತಣ್ಣ ಅಂದ. ಚಿಕ್ಕತಾಯಮ್ಮ ಮಾತ್ರ ಒಂದೊಂದು ಮಾತಿಗೂ ತಲೆದೂಗಿದರು. ಸಿಕ್ಕರೆ ಇಂಥ ಗಿರಾಕಿ ಸಿಗಬೇಕು ಅಂದುಕೊಂಡೆ.

ಮೊದಲ ಮೈಸೂರು ಟ್ರಿಪ್ಪಿನ ಬೆಳಿಗ್ಗೆ ಮಾದೇವನ ಫೋನು ಬಂತು. ಕೋಟೆ ತಲುಪುವ ಮುಂಚೆಯೇ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತು. ಇಂಜಿನ್ ಆಫ್ ಮಾಡು, ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡ ಎಂದು ಹೇಳಿ, ಕೂಲೆಂಟ್ ಕ್ಯಾನು, ಹೋಸುಗಳನ್ನು ಬೈಕಿಗೆ ಕಟ್ಟಿಕೊಂಡು ಹೊರಟೆ. ಮಂಜು, ಕೊರೆಯುವ ಚಳಿ, ನಾನು ಬೆವರುತ್ತಿದ್ದೆ.

ಗಾಡಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿದ ಬಟ್ಟೆ ಕಟ್ಟಿತ್ತು. ಪೂಜೆಯದು ಎಂದು ಕೈಮುಗಿದು ಬಾನೆಟ್ ಎತ್ತಿದೆ. ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದ ಮೇಷ್ಟ್ರು ಒಂದು ಸಲವೂ ವಾಚು ನೋಡಲಿಲ್ಲ. ನೋಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಸೋರಿಕೆ ಇಲ್ಲ. ಕೂಲೆಂಟ್ ಇದೆ. ಬೆಲ್ಟು ಗಟ್ಟಿಯಾಗಿದೆ. ಹಾಗಾದರೆ ಹೆಡ್ಡೇ ಹೋಯಿತೆಂದು ಮನಸ್ಸಿನಲ್ಲೇ ಇಂಜಿನ್ನಿನ ತಿಥಿಯನ್ನೂ ಮುಗಿಸಿದೆ. ಕೊನೆಗೆ ಸ್ಟಾರ್ಟ್ ಮಾಡಿಸಿ, ಫ್ಯಾನು ಗಾಳಿ ಎಳೆಯುತ್ತಿದೆಯೇ ನೋಡಲು ಮುಂದಿನ ಜಾಲರಿಗೆ ಕಾಗದ ಹಿಡಿಯಹೋದರೆ ಬಟ್ಟೆ ಅಡ್ಡ ಬಂತು. ಮುಟ್ಟಿ ನೋಡಿದೆ. ನಾಲ್ಕು ಮಡಿಕೆಯ ಹತ್ತಿ ಸೀರೆ, ಒಂದಿಷ್ಟೂ ಗಾಳಿ ನುಗ್ಗದಂತೆ ಬಿಗಿದಿದ್ದರು. ಗಂಟಿಗೆ ಕೈ ಹಾಕಿದೆನೋ ಇಲ್ಲವೋ, ಮುಂದಿನ ಸೀಟಿನಲ್ಲಿದ್ದ ಚಿಕ್ಕತಾಯಮ್ಮ ಗಾಡಿಯಿಂದ ಇಳಿದು ಬಂದರು.

“ಬಿಚ್ಚಬ್ಯಾಡ ಕಣಪ್ಪ, ಗಾಳಿ ಬಿದ್ದಾತು.”

“ಇದನ್ನ ಕಟ್ಟಿದ್ಯಾರವ್ವ?”

“ನಾನೇಯ. ಬೆಚ್ಚಗಿರ್ಬೇಕು, ಭಾರ ಹೊರಬಾರ್ದು, ಒಳಗಿನ ಕೊಳೆ ಹೋಗ್ಬೇಕು ಅಂದೋನು ನೀನೇ ಅಲ್ವಾ? ಬಾಣಂತಿಗೆ ಹೇಳೋ ಮಾತೇ ಅಲ್ವಾ ಅವು? ನಮ್ಮನೇಲಿ ಎಲ್ಲಾರ್ ಬಾಣಂತನ ಮಾಡಿರೋಳು ನಾನು. ಇದೇನ್ ಮಹಾ?”

ನಾನು ಮಾದೇವನ ಮುಖ ನೋಡಿದೆ.

“ನೀವೇ ಹೇಳ್ಕೊಟ್ಟಿರ್ಬೇಕು ಅಂತ ಸುಮ್ಕಾದೆ ಕಣಣ್ಣ,” ಅಂದ.

ಈ ಬಾಣಂತಿಗೆ ಮುಖದ ಮೇಲೆ ಗಾಳಿ ಬೀಳಲೇಬೇಕು, ಅದೇ ಅದರ ಔಷಧಿ ಎಂದು ವಿವರಿಸಿದೆ. ಅದನ್ನು ಅವತ್ತೇ ಹೇಳೋಕೆ ಏನಾಗಿತ್ತು ಎಂದು ಅವರು ಬೈದರು. ಬೈದದ್ದು ಸರಿಯಾಗಿಯೇ ಇತ್ತು. ಇಂಜಿನ್ ತಣಿಸಿ ಕಳಿಸಿದೆ. ಕೋಟೆ ದಾಟುವವರೆಗೂ ಬೈಕಿನಲ್ಲಿ ಬೆನ್ನು ಹತ್ತಿದೆ. ಮುಳ್ಳು ಮತ್ತೆ ಅರ್ಧ ದಾಟಲಿಲ್ಲವಂತೆ, ಮೇಷ್ಟ್ರ ಸರದಿಯೂ ತಪ್ಪಲಿಲ್ಲ.

ಆವತ್ತಿನಿಂದ ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಈಗ ಮನೆಗೆ ಹೋಗಿ ಏನೇನು ಮಾಡ್ತೀರಿ ಹೇಳಿ ನೋಡೋಣ ಎಂದು ಗಿರಾಕಿಗಳನ್ನೇ ಕೇಳುತ್ತೇನೆ. ನಾನು ಹೆದರಿದ್ದರಲ್ಲಿ ಒಂದೂ ಕೆಡಲಿಲ್ಲ. ಒಂದು ಸೀರೆ ತಪ್ಪು ಜಾಗದಲ್ಲಿತ್ತು, ಅಷ್ಟೇ. ಅದನ್ನೂ ಚಿಕ್ಕತಾಯಮ್ಮ ಆ ಬೆಳಿಗ್ಗೆ ಗಾಡಿ ಹೊರಡುವ ಮುಂಚೆಯೇ ಸರಿಮಾಡಿದರು. ರೇಡಿಯೇಟರಿನ ಬಿಸಿ ಇನ್ನೂ ಆರದಿದ್ದ ಆ ಸೀರೆಯನ್ನು ಕೊಡವಿ, ಮೇಷ್ಟ್ರ ತಲೆ ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿದರು. ಮೇಷ್ಟ್ರು ತಲೆ ಬಗ್ಗಿಸಿ ಸುತ್ತಿಸಿಕೊಂಡರು.