ಮೇಷ್ಟ್ರ ಎರಡು ಗುಂಡು

ಲ್ಯಾಬಿನ ಪರದೆಯ ಮೇಲೆ ಒಂದೇ ಶಿಖರವಾಗಿದ್ದ ಗೆರೆ ಮೊನ್ನೆ ಎರಡಾಗಿ ಸೀಳಿತು. ಜೊತೆಯವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಎಡಗಿವಿ ಗುಂಯ್ ಎಂದಿತು. ಆ ಕಿವಿ ಕೇಳಿಸುವುದು ನಿಂತು ಎಷ್ಟೋ ವರ್ಷವಾಯಿತು...

ಕಡುಚಳಿಯಲ್ಲಿಟ್ಟರೆ ತಡೆಯೇ ಇಲ್ಲದೆ ಕರೆಂಟು ಹರಿಯುವ ಪುಟ್ಟ ಸರ್ಕ್ಯೂಟು ನಮ್ಮದು. ಪರಮಾಣುವಿನ ಹಾಗೆ ನಡೆದುಕೊಳ್ಳುತ್ತದೆ. ಬೆಳಕಿಗೂ ಅದಕ್ಕೂ ನಂಟು ಗಟ್ಟಿಯಾಗಿದ್ದರೆ ಬೆಳಕಿನ ಒಂದು ಕಣ ಅದರೊಳಗೆ ಹೋಗುತ್ತದೆ, ಮತ್ತೆ ಬೆಳಕಾಗಿ ಮರಳುತ್ತದೆ. ಗೆರೆ ಸೀಳಿತೆಂದರೆ ಆ ನಂಟು ಕುದುರಿತೆಂದು ಅರ್ಥ. ಇಂಥದ್ದನ್ನು ನನಗೆ ಮೊದಲು ತೋರಿಸಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು.

ಅಂದು ಅವರು ಅಡ್ಡದಾರ ಬಿಗಿದು ಎರಡು ಕಬ್ಬಿಣದ ಗುಂಡು ಇಳಿಬಿಟ್ಟು ಒಂದನ್ನು ತೂಗಿದರು. ಅದು ನಿಧಾನವಾಗಿ ನಿಂತೇಬಿಟ್ಟಿತು. ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಎಳೆ ಕಡಿದು ನಿಂತ ತಕ್ಷಣ ಕೈ ಹಾಕಿ ಜೋಡಿಸಬೇಕು, ತಡವಾದರೆ ಅಪ್ಪ ಬೆನ್ನ ಮೇಲೆ ಬಾರಿಸುತ್ತಿದ್ದರು. ಅದೇ ಅಭ್ಯಾಸ; ನನ್ನ ಕೈ ತಾನಾಗಿಯೇ ದಾರಕ್ಕೆ ಹೋಯಿತು.

"ಮುಟ್ಬೇಡ ಅಂದ್ನಲ್ಲೇ! ಅದರ ಓಲಾಟ ಪಕ್ಕದ್ದಕ್ಕೆ ಹೋಗಿದೆ ಕಣೇ, ವಾಪಸ್ ಬರುತ್ತೆ!"

ಮಾತಿನ ಜೊತೆಗೇ ಎಡಗಿವಿಯ ಮೇಲೆ ಏಟೂ ಬಿತ್ತು. ಕಿವಿಯಿಂದ ರಕ್ತ ಇಳಿದು ಕಾಲರ್ ನೆನೆಯಿತು.

ಮರುದಿನ ಅಪ್ಪ ಇಬ್ಬರನ್ನು ಕಟ್ಟಿಕೊಂಡು ಶಾಲೆಗೆ ಬಂದರು. "ನನ್ ಮಗಳ ಮೇಲೆ ಕೈ ಮಾಡ್ತೀಯೇನೋ?" ಎನ್ನುತ್ತಾ ಮೇಷ್ಟ್ರನ್ನು ಅಂಗಳಕ್ಕೆ ಎಳೆದು, ಅವರ ಬಲಗೈಯನ್ನು ಮೆಟ್ಟಿಲ ಮೇಲೆ ಒತ್ತಿ ಹಿಡಿದು ಕಬ್ಬಿಣದ ಸರಳಿನಿಂದ ಹೊಡೆದರು. ಮೂಳೆ ಮುರಿದದ್ದು ಉಳಿದ ಒಂದೇ ಕಿವಿಗೆ ಚೆನ್ನಾಗಿ ಕೇಳಿಸಿತು.

"ನಿಮ್ಮಪ್ಪಂಗೆ ಹೇಳಮ್ಮಾ..." ಎಂದು ಮೇಷ್ಟ್ರು ನನ್ನತ್ತ ನೋಡಿದರು.

ಹೇಳಬಹುದಿತ್ತು. ಅಪ್ಪನೂ ಹೊಡೆಯುತ್ತಾರೆಂದು ಎಲ್ಲರೆದುರು ಕೂಗಬಹುದಿತ್ತು. ನಾನು ಸುಮ್ಮನೆ ನಿಂತೆ. ಹೆದರಿಕೆಯಿಂದಲ್ಲ, ನನಗೆ ಆಗ ಖುಷಿಯಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ. ಸರಳು ಇನ್ನೆರಡು ಸಲ ಬಿತ್ತು.

ಕಳೆದ ಭಾನುವಾರ ಕ್ಷಮೆ ಕೇಳೋಣವೆಂದು ಮಂಚೇನಹಳ್ಳಿಯ ಅವರ ಮನೆ ಹುಡುಕಿಕೊಂಡು ಹೋದೆ. ತಡವಾಗಿತ್ತು. ಮೇಷ್ಟ್ರು ತೀರಿಕೊಂಡು ವರ್ಷವಾಗಿತ್ತು. ಹಳೇ ವಿದ್ಯಾರ್ಥಿನಿ ಎಂದದ್ದಕ್ಕೆ ಅವರ ಹೆಂಡತಿ ಕಾಫಿ ಕೊಟ್ಟು ಎದುರಿಗೆ ಕೂತರು.

"ಕೈ ಮುರಿದ್ಮೇಲೆ ಯಾರ್ಗೂ ಹೊಡೀಲಿಲ್ಲಮ್ಮ ಅವ್ರು. ಪಾಠಾನೂ ಮಾಡ್ಲಿಲ್ಲ. ಆಫೀಸ್ ಕೆಲ್ಸಕ್ಕೆ ಹಾಕಿಸ್ಕೊಂಡ್ರು," ಎಂದರು. ಆಮೇಲೆ ಕೇಳಿದರು, "ನೀನು ಯಾರ ಮಗಳಮ್ಮಾ?"

ಈ ಸಲ ಬಾಯಿ ಬಿಟ್ಟೆ. ಅಪ್ಪನ ಹೆಸರು ಹೇಳಿದೆ.

ಆಕೆ ನನ್ನ ಕೈಯಿಂದ ಲೋಟ ಇಸಿದುಕೊಂಡು ಒಳಗೆ ಹೋದರು. ತುಂಬಾ ಹೊತ್ತು ಕೂತಿದ್ದೆ. ಅವರು ಹೊರಗೆ ಬರಲಿಲ್ಲ.